ಶುಗರ್, ಕಿಡ್ನಿ ಮತ್ತು ಅರವತ್ತು ಸಾವಿರದ ಗುಳಿಗೆ

ಡೊಂಬಿವಲಿ, ಕಲ್ಯಾಣದ ನಮ್ಮವರ ಮನೆಗಳಲ್ಲಿ ಫ್ರಿಜ್ ಮೇಲಿನ ಔಷಧಿ ಡಬ್ಬಿ ತೆರೆದು ನೋಡಿ. ಶುಗರ್ ಮಾತ್ರೆಯ ಜೊತೆ ವಾರಕ್ಕೊಂದರಂತೆ ನುಂಗುವ 60,000 ಯೂನಿಟ್‌ನ ವಿಟಮಿನ್ ಡಿ ಗುಳಿಗೆಯೋ ಹಾಲಿಗೆ ಬೆರೆಸುವ ಪುಡಿಯ ಪೊಟ್ಟಣವೋ ಇದ್ದೇ ಇರುತ್ತದೆ. ಮೈಕೈ ನೋವಿಗೆಂದು ಡಾಕ್ಟರು ಎಂಟು ವಾರಕ್ಕೆ ಬರೆದುಕೊಟ್ಟದ್ದು ಎಂಟು ತಿಂಗಳಾದರೂ ನಡೆದಿರುತ್ತದೆ. ನಿಲ್ಲಿಸೋಣವೆಂದರೆ ಹೆದರಿಕೆ: "ಡಿ ಕಡಿಮೆಯಾದರೆ ಶುಗರ್ ಇದ್ದವರ ಕಿಡ್ನಿ ಹೋಗುತ್ತದಂತೆ." ಈ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಡಿ ಕಡಿಮೆ ಇರುವುದು ನಿಜ. ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿದು, ಹಗಲೆಲ್ಲ ಎಸಿ ಆಫೀಸಿನಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ಕಳೆದು ರಾತ್ರಿ ಮನೆ ಸೇರುವವರ ಮೈಗೆ ಬಿಸಿಲು ಬೀಳುವುದಾದರೂ ಎಲ್ಲಿ? ಮಳೆಗಾಲದ ನಾಲ್ಕು ತಿಂಗಳಂತೂ ಕೇಳುವುದೇ ಬೇಡ. ಬೆಳಗಿನ ವಾಕಿಂಗ್ ಶುಗರ್‌ಗೆ ಒಳ್ಳೆಯದು, ಆದರೆ ಅದರಿಂದ ಡಿ ಹೆಚ್ಚೇನೂ ಸಿಗದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗುವ ಹೊತ್ತಿನ ಬಿಸಿಲು ನೇರ ಚರ್ಮಕ್ಕೆ ತಾಗಬೇಕು. ಕಿಟಕಿ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ.

ಚರ್ಮದಲ್ಲಿ ತಯಾರಾದ ಡಿ ಮೊದಲು ಲಿವರ್‌ನಲ್ಲಿ, ಆಮೇಲೆ ಮುಖ್ಯವಾಗಿ ಕಿಡ್ನಿಯಲ್ಲಿ ಬದಲಾಗಿ ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಶುಗರ್‌ನಿಂದ ಕಿಡ್ನಿ ಸೊರಗಿದರೆ ಈ ಕೊನೆಯ ಕೆಲಸ ಕುಂಟುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ, ರಕ್ತದಲ್ಲಿ ಡಿಯನ್ನು ಹೊತ್ತು ತಿರುಗುವ ಪ್ರೋಟೀನ್ ಕೂಡ ಅದರೊಡನೆ ಹೋಗುತ್ತದೆ. ಅಂದರೆ ಎಷ್ಟೋ ಸಲ ಡಿ ಕಡಿಮೆಯಾಗಿ ಕಿಡ್ನಿ ಕೆಡುವುದಲ್ಲ, ಕಿಡ್ನಿ ಕೆಟ್ಟು ಡಿ ಕಡಿಮೆಯಾಗುವುದು.

ಹಾಗಾದರೆ ಡಿ ಕೊಟ್ಟರೆ ಕಿಡ್ನಿ ಉಳಿಯುತ್ತದೆಯೇ? ಅಮೆರಿಕದಲ್ಲಿ ಟೈಪ್ 2 ಮಧುಮೇಹದ 1,312 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ದಿನಕ್ಕೆ 2,000 ಯೂನಿಟ್ ಡಿ, ಉಳಿದವರಿಗೆ ಸತ್ವವಿಲ್ಲದ ಗುಳಿಗೆ. 2019ರಲ್ಲಿ ಪ್ರಕಟವಾದ ಫಲಿತಾಂಶ: ಐದು ವರ್ಷದ ಬಳಿಕ ಕಿಡ್ನಿಯ ಶಕ್ತಿಯಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೊರತೆ ಇದ್ದವರಿಗೆ ಎಲುಬಿನ ಸಲುವಾಗಿ ಡಿ ಬೇಕು, ಅದು ಬೇರೆ ಮಾತು. ಕಿಡ್ನಿಗೆ ಅದು ಕಾವಲುಗಾರನಲ್ಲ.

ಅತಿಯಾದರೆ ಅದೇ ಕಿಡ್ನಿಗೆ ಪೆಟ್ಟು. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ, ಮೇಲೆ ಇಂಜೆಕ್ಷನ್ನೂ ಚುಚ್ಚಿಸಿಕೊಂಡರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕು. ಮೊದಲೆರಡನ್ನು ನೋಡಿ ಮನೆಯವರು "ಶುಗರ್ ಜಾಸ್ತಿಯಾಗಿದೆ" ಎಂದುಕೊಳ್ಳುವುದು ಸಹಜ. ಗ್ಲುಕೋಮೀಟರ್ ಸರಿಯಾಗೇ ತೋರಿಸಿದರೂ ಇವು ನಿಲ್ಲದಿದ್ದರೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ. ಡಿ ಮಟ್ಟ 20ಕ್ಕಿಂತ ಕೆಳಗಿದ್ದರೆ ಕೊರತೆ. 100 ದಾಟಿದರೆ ಎಚ್ಚರ.

ಇನ್ನು ದುಡ್ಡು ಹಾಕಬೇಕಾದ ಪರೀಕ್ಷೆ. ಹೆಚ್ಚಿನವರು ಕ್ರಿಯಾಟಿನಿನ್ ನಾರ್ಮಲ್ ಎಂದು ನೆಮ್ಮದಿಯಾಗಿರುತ್ತಾರೆ, ಆದರೆ ಅದು ಏರುವ ಹೊತ್ತಿಗೆ ಕಿಡ್ನಿ ಸಾಕಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಅದಕ್ಕೂ ಮೊದಲೇ ಸುಳಿವು ಕೊಡುವುದು ಮೂತ್ರದ 'ಎಸಿಆರ್'. ಟೈಪ್ 2 ಇದ್ದವರು ರೋಗ ಗೊತ್ತಾದಂದಿನಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು. 30ಕ್ಕಿಂತ ಕಡಿಮೆಯಿದ್ದರೆ ಸರಿ. ಹೆಚ್ಚು ಬಂದರೆ ಗಾಬರಿ ಬೇಡ. ಜ್ವರ, ಉರಿಮೂತ್ರವಿದ್ದಾಗಲೂ ಏರುತ್ತದೆ. ಕೆಲವು ತಿಂಗಳೊಳಗೆ ಮತ್ತೆ ನೋಡಿಸಿ. ಆಗಲೂ ಹೆಚ್ಚಿದ್ದರೆ ಬಿಪಿ ಹತೋಟಿಯ ಜೊತೆ, ಕಿಡ್ನಿ ಕೆಡುವುದನ್ನು ನಿಧಾನಿಸುವುದಾಗಿ ರುಜುವಾತಾದ ಔಷಧಿಗಳಿವೆ: ಟೆಲ್ಮಿಸಾರ್ಟನ್, ರಾಮಿಪ್ರಿಲ್, ಡಾಪಾಗ್ಲಿಫ್ಲೋಜಿನ್ ಬಳಗದವು. ಯಾರಿಗೆ ಯಾವುದೆಂದು ಡಾಕ್ಟರೇ ಹೇಳಬೇಕು.

ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಮರಾಠಿ, ಹಿಂದಿ ಬಾರದಿದ್ದರೆ ಚೀಟಿಯಲ್ಲಿ 'ಎಸಿಆರ್' ಎಂದು ಬರೆದುಕೊಡಿ, ಯಾವ ಲ್ಯಾಬಿನಲ್ಲೂ ತಿಳಿಯುತ್ತದೆ. ಡಾಕ್ಟರ ಬಳಿ ಹೋಗುವಾಗ ಫ್ರಿಜ್ ಮೇಲಿನ ಆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಳ್ಳಿ. ಮಂಡಿನೋವಿನ ಮಾತ್ರೆ, ಊರಿನ ಚೂರ್ಣ ಕೂಡ ಅದರಲ್ಲಿರಲಿ.