ಸತ್ತವರ ಚರ್ಮ, ಸುಟ್ಟವರ ಮೈಗೆ

ಪ್ರಶ್ನೆ: ಪುಣೆಯ ಸೂರ್ಯ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆಯಂತೆ. ಸತ್ತವರ ಚರ್ಮ ಇನ್ನೊಬ್ಬರ ಮೈಗೆ ಅಂಟುತ್ತದೆಯೇ?

ಉತ್ತರ: ಅಂಟುತ್ತದೆ, ಆದರೆ ನಿಲ್ಲುವುದಿಲ್ಲ. ಕೆಲವೇ ವಾರಗಳಲ್ಲಿ ಕಳಚಿಕೊಳ್ಳುತ್ತದೆ. ಜೀವ ಉಳಿಯುವುದು ಆ ಕೆಲವು ವಾರಗಳಲ್ಲೇ. ಅರ್ಧ ಮೈ ಸುಟ್ಟವರಲ್ಲಿ ಗಾಯದಿಂದ ನೀರು, ಪ್ರೋಟೀನು ಸೋರುತ್ತಲೇ ಇರುತ್ತದೆ, ಸೋಂಕು ಒಳನುಗ್ಗುತ್ತದೆ. ಅವರದೇ ಚರ್ಮ ತೆಗೆದು ಕಸಿ ಮಾಡೋಣವೆಂದರೆ ಅಷ್ಟು ಚರ್ಮ ಎಲ್ಲಿದೆ? ಅವರ ಸ್ವಂತ ಚರ್ಮ ಕಸಿಗೆ ಸಿಗುವವರೆಗೆ ದಾನದ ಚರ್ಮವೇ ಹೊದಿಕೆ. ರಕ್ತದ ಗುಂಪು ಹೊಂದಬೇಕೆಂದೇನೂ ಇಲ್ಲ.

ಸಾವಾದ ಆರು ಗಂಟೆಯೊಳಗೆ ಚರ್ಮ ಬ್ಯಾಂಕಿನ ತಂಡ ಮನೆಗೇ ಬಂದು ತೊಡೆ, ಕಾಲು, ಬೆನ್ನಿನಿಂದ ಮೇಲ್ಪದರವನ್ನಷ್ಟೇ ಹೆರೆದುಕೊಳ್ಳುತ್ತದೆ. ಈರುಳ್ಳಿ ಸಿಪ್ಪೆಯಷ್ಟು ತೆಳು. ರಕ್ತ ಹರಿಯುವುದಿಲ್ಲ, ಬ್ಯಾಂಡೇಜ್ ಸುತ್ತಿ ಕೊಡುತ್ತಾರೆ. ‘ಹೆಣ ವಿಕಾರವಾಗುತ್ತದೆ’ ಎಂಬ ಭಯ ಸುಳ್ಳು. ಗ್ಲಿಸರಾಲ್‌ನಲ್ಲಿ ಅದ್ದಿದ ಚರ್ಮವನ್ನು ನಾಲ್ಕು ಡಿಗ್ರಿ ಆಸುಪಾಸಿನ ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್ ಇದ್ದವರದು ಬೇಡ. ಸಕ್ಕರೆ ಕಾಯಿಲೆ, ಬಿಪಿ ಅಡ್ಡಿಯಲ್ಲ.

ಬೇಡಿಕೆಯೋ ವಿಪರೀತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸುಟ್ಟು ಸಾಯುತ್ತಾರೆ; ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಧಾರಣದಿಂದ ತೀವ್ರ ಸುಟ್ಟಗಾಯಕ್ಕೆ ತುತ್ತಾಗುತ್ತಾರೆ. ಒಲೆಯ ಮುಂದಿನ ಹೆಂಗಸರ ಪಾಲು ಇದರಲ್ಲಿ ದೊಡ್ಡದು. ಕರ್ನಾಟಕದ ಮೊದಲ ಚರ್ಮ ಬ್ಯಾಂಕ್ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಶುರುವಾದದ್ದೇ 2016ರಲ್ಲಿ. ತಡವಾಯಿತೆಂದೇ ನನಗನ್ನಿಸುತ್ತದೆ.

ಅಂದಹಾಗೆ, ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಅರಿಶಿನ, ಇಂಕು ಹಚ್ಚಬೇಡಿ. ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ, ಬಳೆ ಉಂಗುರ ತೆಗೆಯಿರಿ, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ.