ರೋಗ ಬೆಳೆಸುವ ಹೊಲ, ಲೆಕ್ಕ ಬರೆಯುವ ಹಳ್ಳಿ

ಹೈದರಾಬಾದಿನಿಂದ ಬೀದರ್ ಕಡೆಗೆ ಹೊರಟ ಬಸ್ಸು ಊರು ದಾಟುತ್ತಿದ್ದಂತೆ ಪಟಾನ್‌ಚೆರು ಬರುತ್ತದೆ. ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳ ನೂಕುನುಗ್ಗಲು. ಅವುಗಳ ನಡುವೆ ಒಂದು ಕಾಂಪೌಂಡಿನ ಒಳಗೆ ಸುಮಾರು 1,400 ಹೆಕ್ಟೇರ್ ಹೊಲ ಇದೆ. ಅಲ್ಲಿನ ಒಂದು ತಾಕಿನಲ್ಲಿ ದಶಕಗಳ ಕಾಲ ಬೆಳೆಸಿದ್ದು ರೋಗವನ್ನು. ನೆಟೆ ಹತ್ತಿ ಒಣಗಿದ ತೊಗರಿ ಗಿಡಗಳನ್ನು ಬೇರೆ ರೈತರಾದರೆ ಕಿತ್ತು ಸುಡುತ್ತಾರೆ. ಇಲ್ಲಿ ಅವನ್ನೇ ಕತ್ತರಿಸಿ ಮಣ್ಣಿಗೆ ಸೇರಿಸುತ್ತಾರೆ. ರೋಗದ ಶಿಲೀಂಧ್ರ ತಾಕಿನ ಮೂಲೆಮೂಲೆಗೂ ಸಮನಾಗಿ ಹರಡಿದೆಯೇ ಎಂದು ತಿಳಿಯಲು, ಖಂಡಿತ ಸಾಯುವ ತಳಿಯೊಂದನ್ನು ಕೆಲವು ಸಾಲಿಗೊಂದರಂತೆ ಬಿತ್ತುತ್ತಾರೆ. ಆ ಸಾಲು ಪೂರ್ತಿ ಒಣಗಿತೆಂದರೆ ಹೊಲ ಪರೀಕ್ಷೆಗೆ ಸಿದ್ಧ. ಆಮೇಲೆ ಸಾವಿರಾರು ತಳಿಗಳನ್ನು ಬಿತ್ತಿ, ಹೂಬಿಟ್ಟು ಕಾಯಿಕಟ್ಟುವ ಹೊತ್ತಿಗೆ ಯಾವುದು ನಿಂತಿದೆ, ಯಾವುದು ನೆಲಕ್ಕೆ ಬಾಗಿದೆ ಎಂದು ನೋಡುವುದು.

ಇದು ಇಕ್ರಿಸ್ಯಾಟ್. ಅರೆಶುಷ್ಕ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಹುಟ್ಟಿದ್ದು 1972ರಲ್ಲಿ. ಭತ್ತಕ್ಕೆ ಫಿಲಿಪ್ಪೀನ್ಸಿನಲ್ಲಿ, ಗೋಧಿ ಮತ್ತು ಮೆಕ್ಕೆಜೋಳಕ್ಕೆ ಮೆಕ್ಸಿಕೋದಲ್ಲಿ ಅಂತರರಾಷ್ಟ್ರೀಯ ಕೇಂದ್ರಗಳು ಆಗಲೇ ಇದ್ದವು. ಹಸಿರು ಕ್ರಾಂತಿ ನೀರಿದ್ದ ನೆಲದಲ್ಲಿ ನಡೆದಿತ್ತು. ಮಳೆ ನಂಬಿದವರ ಜೋಳ, ಸಜ್ಜೆ, ಕಡಲೆ, ತೊಗರಿಯನ್ನು ಕೇಳುವವರಿರಲಿಲ್ಲ. ಆ ನಾಲ್ಕು ಬೆಳೆ ಈ ಸಂಸ್ಥೆಯ ಪಾಲಿಗೆ ಬಂದವು, ಶೇಂಗಾ ಸ್ವಲ್ಪ ತಡವಾಗಿ ಸೇರಿತು. ಪಟಾನ್‌ಚೆರುವನ್ನೇ ಆರಿಸಿದ್ದಕ್ಕೆ ಒಂದು ಕಾರಣ ಮಣ್ಣು. ಎರೆಭೂಮಿ ಮತ್ತು ಕೆಂಪು ಮಸಾರಿ ಎರಡೂ ಒಂದೇ ಬೇಲಿಯೊಳಗೆ ಅಕ್ಕಪಕ್ಕ ಸಿಗುವ ಜಾಗ ಅದು.

ನೆಟೆ ರೋಗದ ಆ ತಾಕಿನಿಂದ ಬದುಕಿ ಬಂದ ಒಂದು ತಳಿಗೆ ಸಂಸ್ಥೆಯ ಕಡತದಲ್ಲಿ ಐಸಿಪಿ 8863 ಎಂಬ ಅಂಕಿ. 1980ರ ದಶಕದ ನಡುವೆ ಅದು ಕರ್ನಾಟಕದಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಹೊಸದಾಗಿ ಸಂಕರ ಮಾಡಿದ್ದೇನಲ್ಲ. ರೈತರ ಹೊಲದಿಂದ ಬಂದ ಹಳೆಯ ತಳಿಯೊಂದರಲ್ಲಿ ರೋಗಕ್ಕೆ ಜಗ್ಗದ ಗಿಡಗಳನ್ನು ಆರಿಸುತ್ತ ಹೋಗಿ ಪಡೆದದ್ದು. 1990ರ ದಶಕದ ಆರಂಭಕ್ಕೆ ಉತ್ತರ ಕರ್ನಾಟಕದ ತೊಗರಿ ಸೀಮೆಯ ಅರ್ಧಕ್ಕೂ ಹೆಚ್ಚು ನೆಲದಲ್ಲಿ ಮಾರುತಿಯೇ ಇತ್ತು. ಕಲಬುರಗಿಯನ್ನು ತೊಗರಿಯ ಕಣಜ ಎನ್ನುವವರು ಈ ತಾಕನ್ನೂ ಒಮ್ಮೆ ನೆನೆಯಬೇಕು. ನೆಟೆಯ ಜೊತೆಗೆ ಗೊಡ್ಡು ರೋಗವನ್ನೂ ತಡೆಯುವ 'ಆಶಾ' 1993ರಲ್ಲಿ ಬಂತು.

ಈ ಬೇಳೆಕಾಳು ರೋಗಗಳ ವಿಭಾಗವನ್ನು ಕಟ್ಟಿದವರು ವೈ. ಎಲ್. ನೆನೆ. ಅವರ ಬಗ್ಗೆ ಕನ್ನಡಿಗರಿಗೆ ಇನ್ನೊಂದು ಸಂಗತಿ ತಿಳಿದಿರಲಿ: ನಿವೃತ್ತಿಯ ಹೊತ್ತಿಗೆ ಅವರು ಕಟ್ಟಿದ ಏಷ್ಯಾದ ಕೃಷಿ ಇತಿಹಾಸದ ಪ್ರತಿಷ್ಠಾನವೇ ನಮ್ಮ ಎರಡನೇ ಚಾವುಂಡರಾಯನ 'ಲೋಕೋಪಕಾರ'ವನ್ನು 2006ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದು. ಹನ್ನೊಂದನೇ ಶತಮಾನದ ಕನ್ನಡದ ಕೃಷಿಶಾಸ್ತ್ರ ಹೊರಗಿನ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ತೊಗರಿ ರೋಗದ ತಜ್ಞರೊಬ್ಬರ ಹಟದಿಂದ.

ಇಷ್ಟು ಓದಿ, ಪಟಾನ್‌ಚೆರುವಿನಲ್ಲಿ ಮುಟ್ಟಿದ್ದೆಲ್ಲ ಚಿನ್ನವಾಯಿತು ಎಂದುಕೊಳ್ಳಬೇಡಿ. ಎರೆಭೂಮಿಗೆ ಹೇಳಿ ಮಾಡಿಸಿದ ಒಂದು ಪದ್ಧತಿಯನ್ನು ಸಂಸ್ಥೆ 1970ರ ದಶಕದಲ್ಲೇ ರೂಪಿಸಿತು. ಅಗಲವಾದ ಏರುಮಡಿ, ನೀರು ಬಸಿಯಲು ನಡುವೆ ಕಾಲುವೆ, ಅದನ್ನು ಮಾಡಲು ಎತ್ತು ಎಳೆಯುವ ಗಾಲಿಯ ಸಲಕರಣೆ. ಒಂದೇ ಸಲಕರಣೆ ಉಳುತ್ತದೆ, ಬಿತ್ತುತ್ತದೆ, ಎಡೆ ಹೊಡೆಯುತ್ತದೆ. ಬೇಕೆಂದರೆ ಗಾಡಿಯೂ ಆಗುತ್ತದೆ. ಪ್ರಯೋಗದ ಹೊಲದಲ್ಲಿ ಇಳುವರಿ ಅದ್ಭುತ. ರೈತರು ಬಂದರು, ನೋಡಿದರು, ಮನೆಗೆ ಹೋಗಿ ತಮ್ಮ ಕೂರಿಗೆಯನ್ನೇ ಹೂಡಿದರು. ಇಂಥ ಸಲಕರಣೆಗಳು ಜಗತ್ತಿನ ಬೇರೆಬೇರೆ ದೇಶಗಳಲ್ಲಿ ಏನಾದವು ಎಂದು 1988ರಲ್ಲಿ ಪರಿಶೀಲಿಸಿದ ಪಾಲ್ ಸ್ಟಾರ್ಕಿ, ಎಲ್ಲೂ ರೈತರು ಇದನ್ನು ದೊಡ್ಡ ಪ್ರಮಾಣದಲ್ಲಿ ಒಪ್ಪಲಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಬೆಲೆ ಹೆಚ್ಚು, ಭಾರ ಹೆಚ್ಚು, ಕೆಟ್ಟರೆ ಊರ ಕಮ್ಮಾರನ ಕೈಗೆ ಬಗ್ಗುವಂಥದಲ್ಲ.

ತೊಗರಿಯ ಮಿಶ್ರತಳಿಯ ಕಥೆಯೂ ಹತ್ತಿರಹತ್ತಿರ ಇದೇ. ಬೇಳೆಕಾಳಿನಲ್ಲಿ ಹೈಬ್ರಿಡ್ ಮಾಡಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅದರ ಬೀಜೋತ್ಪಾದನೆ ರಗಳೆಯದು, ಹಾಗಾಗಿ ಹೊಲಗಳಿಗೆ ನಿರೀಕ್ಷಿಸಿದಷ್ಟು ಹಬ್ಬಲಿಲ್ಲ.

ರೈತ ಯಾಕೆ ಒಪ್ಪುವುದಿಲ್ಲ ಎಂಬ ಈ ಪ್ರಶ್ನೆಯನ್ನು ಸಂಸ್ಥೆ ತನ್ನದೇ ರೀತಿಯಲ್ಲಿ ಬೆನ್ನುಹತ್ತಿತು. ನನ್ನ ಲೆಕ್ಕದಲ್ಲಿ ಅದು ಮಾಡಿದ ದೊಡ್ಡ ಕೆಲಸ ಇದೇ. 1975ರಲ್ಲಿ ಮೆಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳಿಂದ ಎರಡೆರಡರಂತೆ ಆರು ಹಳ್ಳಿಗಳನ್ನು ಆರಿಸಿ, ಪ್ರತಿ ಹಳ್ಳಿಯಲ್ಲೂ 40 ಮನೆಗಳನ್ನು ಗುರುತಿಸಿದರು. 30 ಹೊಲವಿದ್ದವರವು, 10 ಕೂಲಿಯವರವು. ಹಳ್ಳಿಗಾಡಿನಲ್ಲೇ ಬೆಳೆದ, ಊರ ಭಾಷೆ ಬಲ್ಲ ಕೃಷಿ ಪದವೀಧರರು ಹೋಗಿ ಅಲ್ಲೇ ಮನೆ ಮಾಡಿದರು. ಮೂರು ನಾಲ್ಕು ವಾರಕ್ಕೊಮ್ಮೆ ಅವೇ ಮನೆಗಳ ಜಗಲಿ. ಏನು ಬಿತ್ತಿದಿರಿ, ಯಾರ ಎತ್ತು, ಎಷ್ಟು ಕೂಲಿ, ಎಷ್ಟು ಸಾಲ, ಸಂತೆಯಲ್ಲಿ ಏನು ಕೊಂಡಿರಿ. ಹೀಗೆ ಹತ್ತು ವರ್ಷ.

ಆ ಮನೆಗಳ ಜನರೊಂದಿಗೆ ಹಾನ್ಸ್ ಬಿನ್ಸ್‌ವ್ಯಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಆಟ ಆಡಿದರು. ನಿಜವಾದ ದುಡ್ಡಿನ ಆಟ. ನಾಣ್ಯ ಚಿಮ್ಮುವ ಮೊದಲು ನೀವು ಒಂದು ಆಯ್ಕೆ ಹೇಳಬೇಕು. ತಲೆ ಬೀಳಲಿ ಬಾಲ ಬೀಳಲಿ 50 ರೂಪಾಯಿ ಖಾತ್ರಿ ಎನ್ನುವುದು ಒಂದು ತುದಿ. ಒಂದು ಮುಖಕ್ಕೆ ಸೊನ್ನೆ, ಇನ್ನೊಂದಕ್ಕೆ 200 ರೂಪಾಯಿ ಎನ್ನುವುದು ಇನ್ನೊಂದು ತುದಿ. ನಡುವೆ 40 ಅಥವಾ 120, 30 ಅಥವಾ 150 ಹೀಗೆ ಮೆಟ್ಟಿಲುಗಳು. ಆಗಿನ ದಿನಗೂಲಿಯ ಮುಂದೆ ಇದು ಭಾರೀ ಮೊತ್ತ. ಬಡವ ಪುಕ್ಕಲ, ಸಾಹುಕಾರ ಧೈರ್ಯಸ್ಥ ಎಂಬುದು ಎಲ್ಲರ ಊಹೆ. ಆದರೆ ಮೊತ್ತ ದೊಡ್ಡದಾದಂತೆ ಬಡವರೂ ಉಳ್ಳವರೂ ಹೆಚ್ಚುಕಡಿಮೆ ಒಂದೇ ಮಟ್ಟದ ಎಚ್ಚರಿಕೆ ತೋರಿದರು. 1980ರಲ್ಲಿ ಇದು ಪ್ರಕಟವಾದಾಗ, ಬಡ ರೈತ ಹೊಸದನ್ನು ಮುಟ್ಟದಿರುವುದು ಅವನ ಸ್ವಭಾವದಿಂದ ಎಂಬ ಮಾತಿನ ಬುಡ ಅಲ್ಲಾಡಿತು. ಅಂಜಿಕೆ ಎಲ್ಲರಿಗೂ ಒಂದೇ. ಸಾಲ, ಗೊಬ್ಬರ, ಮಾರುಕಟ್ಟೆ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ನಮ್ಮ ಇಲಾಖೆಗಳಲ್ಲಿ 'ರೈತರಿಗೆ ಅರಿವು ಮೂಡಿಸಬೇಕು' ಎನ್ನುವವರು ಈ ನಾಣ್ಯದಾಟದ ಬಗ್ಗೆ ಓದಿದರೆ ಒಳ್ಳೆಯದು.

ಇದೇ ಸಂಸ್ಥೆಯಲ್ಲಿದ್ದ ಎನ್. ಎಸ್. ಜೋಧಾ ಒಣಭೂಮಿಯ ಏಳು ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿಗಳ ಗೋಮಾಳ, ಕಾವಲು, ಕೆರೆಯಂಗಳಗಳ ಲೆಕ್ಕ ಹಿಡಿದರು. 1950ರ ದಶಕದ ಆರಂಭದಿಂದ 80ರ ದಶಕದ ಆರಂಭದೊಳಗೆ ಇಂಥ ಸಾಮೂಹಿಕ ನೆಲ ಶೇ 31ರಿಂದ 55ರಷ್ಟು ಕರಗಿತ್ತು. ಮೇವು, ಸೌದೆ, ಸೊಪ್ಪು, ಹಣ್ಣುಗಳ ರೂಪದಲ್ಲಿ ಬಡವರ ಆದಾಯದ ಒಂದು ಗಣನೀಯ ಪಾಲು ಅಲ್ಲಿಂದಲೇ ಬರುತ್ತಿತ್ತು. ಇಳುವರಿಯ ಅಂಕಿಅಂಶದಲ್ಲಿ ಈ ನಷ್ಟ ಎಲ್ಲೂ ಕಾಣುವುದಿಲ್ಲ.

ಆಫ್ರಿಕಾದ ಕಡೆಗೆ ಹೊರಳಿದರೆ, ಇಕ್ರಿಸ್ಯಾಟಿನ ಕೆಲಸ ಅಲ್ಲಿಯೂ ಹಳೆಯದೇ. ಸುಡಾನಿನಲ್ಲಿ ಸಂಸ್ಥೆಯ ಕೆಲಸಕ್ಕೆ ಹೋದ ಇಥಿಯೋಪಿಯದ ಗೆಬಿಸಾ ಎಜೆಟಾ ಬರ ತಡೆಯುವ ಹೈಬ್ರಿಡ್ ಜೋಳ ರೂಪಿಸಿದರು. ಅದು 1983ರಲ್ಲಿ ಬಿಡುಗಡೆಯಾಯಿತು. 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ನೈಜರಿನ ಮರಳು ಮಣ್ಣಿನ ಹೊಲಗಳಲ್ಲಿ ಕಂಡುಕೊಂಡ ಉಪಾಯ ಇನ್ನೂ ಸರಳ. ಹೊಲಕ್ಕೆಲ್ಲ ಗೊಬ್ಬರ ಎರಚಲು ದುಡ್ಡಿಲ್ಲ, ಹಾಗಾಗಿ ಸೋಡಾ ಬಾಟಲಿಯ ಮುಚ್ಚಳದಲ್ಲಿ ಹಿಡಿಯುವಷ್ಟು, ಸುಮಾರು 6 ಗ್ರಾಂ, ಸಜ್ಜೆ ಊರುವ ಗುಣಿಗೇ ಹಾಕುವುದು. ಮುಚ್ಚಳ ಸಿಗದಿದ್ದರೆ ಮೂರು ಬೆರಳಿನ ಚಿಟಿಕೆ. ಗಾಲಿಯ ಸಲಕರಣೆ ಸೋತಲ್ಲಿ ಮುಚ್ಚಳ ಗೆದ್ದಿತು.

ಬೀಜಗಳೂ ಅತ್ತಿತ್ತ ಓಡಾಡಿವೆ. ಪಶ್ಚಿಮ ಆಫ್ರಿಕದ ಟೋಗೊದ ಸಜ್ಜೆಯಿಂದ ಪಟಾನ್‌ಚೆರುವಿನಲ್ಲಿ ಆರಿಸಿದ ತಳಿಯೊಂದು ಮಹಾರಾಷ್ಟ್ರದ ಹೊಲಗಳಿಗೆ ಬಂತು. ಅದನ್ನೇ ಇನ್ನಷ್ಟು ಸೋಸಿ, ಕಬ್ಬಿಣದ ಅಂಶ ಹೆಚ್ಚಿರುವ 'ಧನಶಕ್ತಿ'ಯನ್ನು 2012ರಲ್ಲಿ ಕೊಟ್ಟರು. ತೊಗರಿ ಮಾತ್ರ ನಮಗೆ ಸ್ವಲ್ಪ ಇರಿಸುಮುರಿಸು ತರುವ ಬೆಳೆ. ಮಲಾವಿ, ತಾಂಜಾನಿಯಾಗಳ ಸಣ್ಣ ರೈತರಿಗೂ ಇದೇ ಸಂಸ್ಥೆ ಒಳ್ಳೆಯ ತಳಿ ಕೊಟ್ಟಿದೆ, ಅವರು ಬೆಳೆದ ತೊಗರಿ ನಮ್ಮ ಬಂದರಿಗೇ ಬರುತ್ತದೆ. ಆಮದು ಹೆಚ್ಚಾದ ವರ್ಷ ಕಲಬುರಗಿಯ ರೈತನಿಗೆ ಬೆಲೆ ಸಿಗದು, ಅವನ ಸಿಟ್ಟು ನ್ಯಾಯವಾದದ್ದು. ಹಾಗೆಂದು ಮಲಾವಿಯ ರೈತನಿಗೆ ಬೀಜ ಕೊಟ್ಟದ್ದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಬೆಲೆಯ ಜವಾಬ್ದಾರಿ ದೆಹಲಿಯದು.

ಇಷ್ಟೆಲ್ಲಕ್ಕೂ ಮೂಲ ಬಂಡವಾಳ ಇರುವುದು ಜೀನ್ ಬ್ಯಾಂಕಿನಲ್ಲಿ. 140ಕ್ಕೂ ಹೆಚ್ಚು ದೇಶಗಳಿಂದ ಬಂದ 1.2 ಲಕ್ಷಕ್ಕೂ ಮಿಕ್ಕಿದ ಬೀಜ ಮಾದರಿಗಳು. ಅವುಗಳಲ್ಲಿ ನಮ್ಮ ರಾಗಿ, ನವಣೆ, ಸಾಮೆ, ಹಾರಕಗಳೂ ಇವೆ. ಒಣಗಿಸಿ, ಅಲ್ಯೂಮಿನಿಯಂ ಪೊಟ್ಟಣದಲ್ಲಿ ಗಾಳಿಯಾಡದಂತೆ ಬೆಸೆದು, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಡುತ್ತಾರೆ. ಇಟ್ಟು ಮರೆತರೆ ಆಗಲಿಲ್ಲ. ಆಗಾಗ ಮೊಳಕೆ ಪರೀಕ್ಷೆ, ಮೊಳಕೆ ಕುಗ್ಗಿದರೆ ಮತ್ತೆ ಬಿತ್ತಿ ಹೊಸ ಬೀಜ. ತೊಗರಿ ಹೂವಿಗೆ ಜೇನು ಬಂದು ಬೇರೆ ತಳಿಯ ಪರಾಗ ಬೆರೆಸಿಬಿಡುವುದರಿಂದ ಗಿಡಗಳಿಗೆ ತೆಳು ಬಟ್ಟೆಯ ಪರದೆ ಕಟ್ಟಬೇಕು. ಯುದ್ಧ, ಬರ, ಅಲಕ್ಷ್ಯಗಳಿಂದ ತಮ್ಮದೇ ಬೀಜ ಕಳೆದುಕೊಂಡ ಸೊಮಾಲಿಯಾ, ಇಥಿಯೋಪಿಯಾದಂಥ ದೇಶಗಳಿಗೆ ಅವರ ಜೋಳ ಇಲ್ಲಿಂದ ವಾಪಸು ಹೋಗಿದೆ. ಇಂಥ ಕೆಲಸಕ್ಕೆ ಉದ್ಘಾಟನೆಯಿಲ್ಲ, ರಿಬ್ಬನ್ ಇಲ್ಲ. ದಾನಿಗಳು ಮೂರು ವರ್ಷದ ಯೋಜನೆಗೆ ಹಣ ಕೊಡುತ್ತಾರೆ, ಶೈತ್ಯಾಗಾರದ ಕರೆಂಟ್ ಬಿಲ್ಲಿಗೆ ಕೊಡುವುದು ಕಷ್ಟ. ಹಳ್ಳಿಗಳ ಲೆಕ್ಕವೂ ಹೀಗೇ 1985ರಲ್ಲಿ ನಿಂತು, ಮತ್ತೆ ಶುರುವಾದದ್ದು 2001ರಲ್ಲಿ. ನಡುವಿನ ವರ್ಷಗಳನ್ನು ಈಗ ಯಾರೂ ತುಂಬಿಕೊಡಲಾರರು.

ಕರ್ನಾಟಕ ಈ ಸಂಸ್ಥೆಯನ್ನು ಹೆಚ್ಚು ಕಂಡದ್ದು 2009ರ ಭೂಚೇತನದಲ್ಲಿ. ಮಣ್ಣು ಪರೀಕ್ಷಿಸಿ, ಗಂಧಕ, ಸತು, ಬೋರಾನ್ ಕೊರತೆ ತೋರಿಸಿ, ರೈತ ಅನುವುಗಾರರ ಮೂಲಕ ಹಳ್ಳಿಗಳಿಗೆ ಒಯ್ದ ಕಾರ್ಯಕ್ರಮ ಅದು. ಅದೇ ಸುಮಾರಿಗೆ ಇನ್ನೊಂದು ಸದ್ದಿಲ್ಲದ ಕೆಲಸವೂ ನಡೆಯಿತು. ಹಳ್ಳಿಗಳ ಅಧ್ಯಯನವನ್ನು ವಿಸ್ತರಿಸಿದಾಗ ವಿಜಯಪುರ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿ, ತುಮಕೂರು ಜಿಲ್ಲೆಯ ಬೆಲ್ಲದಮಡಗು, ತರಟಿ ಅದರಲ್ಲಿ ಸೇರಿದವು. ಆ ಮನೆಗಳ ಬಿತ್ತನೆ, ಕೂಲಿ, ಸಾಲ, ಊಟದ ಲೆಕ್ಕ, ಹೆಸರುಗಳನ್ನು ಮರೆಸಿ, ಯಾರು ಬೇಕಾದರೂ ಪಡೆಯುವಂತೆ ಅಂತರ್ಜಾಲದಲ್ಲಿದೆ. ಹಳೆಯ ಹಳ್ಳಿಗಳ ಅಂಕಿಗಳನ್ನು ಇಟ್ಟುಕೊಂಡು ಶಿಕಾಗೊದಲ್ಲಿ ಕೂತ ಅರ್ಥಶಾಸ್ತ್ರಜ್ಞರು ಹೆಸರಾಂತ ಪ್ರಬಂಧ ಬರೆದಿದ್ದಾರೆ. ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಈ ನಾಲ್ಕು ಊರುಗಳ ಲೆಕ್ಕ ತೆಗೆದು ಕನ್ನಡದಲ್ಲಿ ಬರೆಯಲಿ. ಆ ಊರಿನವರಿಗೂ ಅದನ್ನು ಓದಿ ಹೇಳಲಿ.