ನಿಮಗಿದು ಗೊತ್ತೇ? ಮರದ ಹಲಗೆಯಲ್ಲಿ ಮೂಡಿದ ಎಡೋ ಪಟ್ಟಣ

ಇಂದಿನ ಟೋಕಿಯೊಗೆ 1868ರವರೆಗೂ ಎಡೋ ಎಂದೇ ಹೆಸರು. ಆ ಊರಿನ ಮಳೆ, ಜಾತ್ರೆ, ಅಂಗಡಿಬೀದಿಗಳನ್ನು ಕಲಾವಿದ ಉಟಗಾವಾ ಹಿರೊಶಿಗೆ 1856ರಿಂದ ಒಂದೊಂದಾಗಿ ಚಿತ್ರಿಸುತ್ತ ಬಂದರು. ಮಾಲಿಕೆಯ ಹೆಸರು ‘ಎಡೋದ ನೂರು ಪ್ರಸಿದ್ಧ ನೋಟಗಳು’. ಎಣಿಸಿದರೆ ಸಿಗುವುದು 119! 1858ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಎರಡನೇ ಹಿರೊಶಿಗೆ ಬರೆದ ಒಂದು ಚಿತ್ರವೂ ಈ ಲೆಕ್ಕದಲ್ಲಿದೆ.

ಹಿರೊಶಿಗೆಯವರ ತಂದೆ ಎಡೋ ಕೋಟೆಯ ಅಗ್ನಿಶಾಮಕ ಪಡೆಯಲ್ಲಿದ್ದವರು. ಆ ಹುದ್ದೆ ಮಗನಿಗೆ ಬಂದದ್ದು ಇನ್ನೂ ಬಾಲಕನಾಗಿದ್ದಾಗಲೇ.

1855ರ ನವೆಂಬರಿನಲ್ಲಿ ಭೂಕಂಪ ಎಡೋವನ್ನು ನಡುಗಿಸಿತು, ಸಾವಿರಾರು ಜನ ಸತ್ತರು. ಅಸಾಕುಸಾ ದೇವಾಲಯದ ಐದಂತಸ್ತಿನ ಗೋಪುರದ ಕಳಶ ಬಾಗಿತು. ಮರುವರ್ಷ ಹಿರೊಶಿಗೆ ಬರೆದ ಚಿತ್ರದಲ್ಲಿ ಹಿಮದ ನಡುವೆ ಅದೇ ಕಳಶ ನೆಟ್ಟಗೆ ನಿಂತಿದೆ!

ಇವೆಲ್ಲ ಮರದ ಹಲಗೆಯಿಂದ ಒತ್ತಿದ ಅಚ್ಚುಚಿತ್ರಗಳು: ಚಿತ್ರ ಬರೆದವರೊಬ್ಬರು, ಕೆತ್ತಿದವರೊಬ್ಬರು, ಅಚ್ಚೊತ್ತಿದವರು ಮತ್ತೊಬ್ಬರು. ಬಂಡವಾಳ ಪ್ರಕಾಶಕರದ್ದು. ಚೆರಿ ಮರದ ಹಲಗೆಗೆ ಬಣ್ಣ ಹಚ್ಚಿ, ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ ಬಿಲ್ಲೆಯಿಂದ ಉಜ್ಜುತ್ತಿದ್ದರು. ಯಂತ್ರದ ಮಾತೇ ಇಲ್ಲ. ಆಕಾಶದ ನೀಲಿ ಮೇಲಿಂದ ಕೆಳಕ್ಕೆ ತಿಳಿಯಾಗುತ್ತ ಹೋಗುತ್ತದಲ್ಲ, ಅದು ಹಲಗೆಯ ಮೇಲಿನ ಬಣ್ಣವನ್ನು ಪ್ರತಿ ಪ್ರತಿಗೂ ಕೈಯಲ್ಲೇ ಒರೆಸಿ ತಂದ ಸೊಬಗು.

ಮಾಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1857ರ ‘ಹಠಾತ್ ಮಳೆ’. ಸುಮಿದಾ ನದಿಯ ಮರದ ಸೇತುವೆ; ಒಮ್ಮೆಲೇ ಸುರಿದ ಮಳೆಗೆ ಸಿಕ್ಕಿಬಿದ್ದ ಜನ. ಕೆಲವರು ಕೊಡೆಯಡಿ ಒತ್ತೊತ್ತಾಗಿ ನಡೆದಿದ್ದಾರೆ, ಒಬ್ಬ ಚಾಪೆಯನ್ನೇ ತಲೆಗೆ ಹೊದ್ದಿದ್ದಾನೆ. ಕೆಳಗೆ ನದಿಯಲ್ಲಿ ತೆಪ್ಪ ನಡೆಸುವವನೊಬ್ಬನೇ ಯಾವುದಕ್ಕೂ ನಿಲ್ಲದೆ ಸಾಗಿದ್ದಾನೆ. ಈ ಮಳೆಯ ಗೆರೆಗಳನ್ನು ಗಮನಿಸಿ: ಅವು ಕೊರೆದ ಗೆರೆಗಳಲ್ಲ, ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆದು ಉಳಿಸಿಕೊಂಡ ಎಳೆಗಳು. ಉಳಿ ಸ್ವಲ್ಪ ಜಾರಿದರೂ ಎಳೆ ಮುರಿದಂತೆ. ಕೆತ್ತಿದವರ ಕೈಗೆ ಶರಣೆನ್ನಬೇಕು! 30 ವರ್ಷಗಳ ನಂತರ, 1887ರಲ್ಲಿ, ವಿನ್ಸೆಂಟ್ ವ್ಯಾನ್ ಗೋ ಇದೇ ಚಿತ್ರವನ್ನು ತೈಲವರ್ಣದಲ್ಲಿ ನಕಲಿಸಿದರು.

ಶಿಂಜುಕು ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ. ಹಿರೊಶಿಗೆ ಕಂಡ ಶಿಂಜುಕುವಿನಲ್ಲಿ ಕಣ್ಣಿಗೆ ಮೊದಲು ರಾಚುವುದು ಕುದುರೆಯ ಹಿಂಭಾಗ, ನೆಲದ ಮೇಲಿನ ಲದ್ದಿ. ಕುದುರೆಯ ಕಾಲಿಗೆ ಲಾಳವಿಲ್ಲ, ಹುಲ್ಲಿನಿಂದ ಹೆಣೆದ ಪಾದರಕ್ಷೆ ಇದೆ!

ಸಾರುವಾಕಾ ಎಂಬ ನಾಟಕಶಾಲೆಗಳ ಬೀದಿಯ ಚಿತ್ರದಲ್ಲಿ ಹುಣ್ಣಿಮೆಯ ಬೆಳಕು. ನಡೆಯುವ ಪ್ರತಿಯೊಬ್ಬರ ನೆರಳೂ ನೆಲದ ಮೇಲಿದೆ. ಅಂದಿನ ಜಪಾನಿ ಅಚ್ಚುಚಿತ್ರಗಳಲ್ಲಿ ಇದು ಅಪರೂಪ.

ಜಾಹೀರಾತು ಆಗಲೂ ಇತ್ತು. ಕಾಂಡಾದ ಬಣ್ಣಗಾರರ ಕೇರಿಯ ಚಿತ್ರದಲ್ಲಿ ಎತ್ತರದ ಗಳುಗಳಿಂದ ಒಣಹಾಕಿದ ನೀಲಿ-ಬಿಳಿ ಬಟ್ಟೆಗಳು ಇಳಿಬಿದ್ದಿವೆ. ಹತ್ತಿರ ಹೋಗಿ ನೋಡಿದರೆ ಒಂದರ ಮೇಲೆ ಹಿರೊಶಿಗೆಯ ಗುರುತು, ಇನ್ನೊಂದರ ಮೇಲೆ ಪ್ರಕಾಶಕ ಉಓಯಾ ಎಯಿಕಿಚಿಯ ಹೆಸರಿನ ಮೊದಲ ಅಕ್ಷರ.